ಗೆದ್ದವಳು ತಿನ್ನಬೇಕು

೧೯೫೫ನೆಯ ಇಸವಿ ಫೆಬ್ರವರಿ ಹದಿನೈದು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಗುರುಲಿಂಗಮ್ಮನ ಕೈಯಲ್ಲಿದ್ದ ಲೋಟದೊಳಗಿನ ಔಷಧ ನೇರಳೆ ಬಣ್ಣಕ್ಕೆ ತಿರುಗಿತು. ಹೊತ್ತಿನ ವಿಷಯದಲ್ಲಿ ಅನುಮಾನ ಬೇಡ. ಮಸ್ಕಿಯ ಆ ಮನೆಯ ಪಡಸಾಲೆಯಲ್ಲಿ, ಅವಳ ಮಗ ಹಂಪಣ್ಣ ಹೈದರಾಬಾದಿನಿಂದ ತಂದು ತೂಗುಹಾಕಿದ ಗಡಿಯಾರವಿತ್ತು. ಅದು ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ಅದನ್ನು ಕಳೆದೇ ಹೇಳಿದ ಹೊತ್ತು ಇದು.

ಅರೆಕ್ಷಣದ ಹಿಂದೆ ಆ ಔಷಧ ಬೆಲ್ಲದ ನೀರಿನ ಬಣ್ಣದ್ದಾಗಿತ್ತು. ಗುರುಲಿಂಗಮ್ಮ ಅದರೊಳಗೆ ಮೂರು ಗುಳಿಗೆ ಹಾಕಿ ಬೆರಳಿನಿಂದ ಕಲಕಿದ್ದಳು. ಗುಳಿಗೆಗಳ ಸುತ್ತ ಮೊದಲು ಮೋಡದಂತೆ ಏನೋ ಎದ್ದಿತು. ಆಮೇಲೆ ಲೋಟದ ತಳದಿಂದ ಬಾಯಿಯವರೆಗೆ, ನೇರಳೆ ಹಣ್ಣು ಹಿಂಡಿದ ಹಾಗೆ, ಬಣ್ಣ ಏರಿತು.

"ಯವ್ವಾ!" ಎದುರಿಗೆ ಕೂತಿದ್ದ ಪಕ್ಕದ ಮನೆಯ ಸಂಗಮ್ಮ ಕೈಯಲ್ಲಿದ್ದ ಕವಡೆಗಳನ್ನು ಚೆಲ್ಲಿದಳು. "ವಿಷ! ಕುಡೀಬ್ಯಾಡ ಗುರುಲಿಂಗಮ್ಮಾ! ನಿನ್ನ ಸೊಸಿ ಏನೋ ಹಾಕ್ಯಾಳ!"

"ವಿಷ ಹಾಕಾಕಿ ಬಣ್ಣದ್ದು ಯಾಕ ಹಾಕ್ತಾಳ ಬೇ?" ಎಂದಳು ಮೂರನೆಯ ಮುದುಕಿ ಗ್ಯಾನಮ್ಮ. "ಬಣ್ಣಿಲ್ಲದ್ದು ನೋಡಿ ಹಾಕ್ತಿದ್ದಳು. ಶೇಖರಮ್ಮ ಅಷ್ಟೂ ತಿಳೀಲಾರದಾಕೀನ?"

ಅಡುಗೆಮನೆಯಿಂದ ಸೊಸೆ ಶೇಖರಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. "ಏನಂದ್ರಿ ಸಂಗಮ್ಮಾರ? ಇನ್ನೊಂದ್ಸಲ ಅನ್ರಿ."

ನಿಜ ಹೇಳಬೇಕೆಂದರೆ ಗುರುಲಿಂಗಮ್ಮನಿಗೆ ಆ ಒಂದು ಗಳಿಗೆ ಹಿತವೇ ಎನಿಸಿತು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ವಿಷ ಹಾಕುವಷ್ಟು ಮುಖ್ಯಳಾದ ಅತ್ತೆ ಅನ್ನಿಸಿಕೊಳ್ಳುವುದು ಎಲ್ಲರ ಪಾಲಿಗೆ ಬರುವುದಿಲ್ಲ. ಆದರೆ ಸೊಸೆಯ ಮುಖ ನೋಡಿದ ಮೇಲೆ ಆ ಹಿತ ಇಳಿಯಿತು. ಹದಿನೆಂಟು ವರ್ಷದಿಂದ ಬಿಸಿ ರೊಟ್ಟಿ ಬಡಿದು ಹಾಕುತ್ತಿರುವ ಆ ಕೈ ವಿಷ ಹಾಕುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಲೋಟದೊಳಗೆ ಏನು ಬಿದ್ದಿದೆ ಎಂಬುದೂ ಗೊತ್ತಿತ್ತು. ಅದನ್ನು ಹೇಳುವಂತಿರಲಿಲ್ಲ, ಅಷ್ಟೇ.

ಇದಕ್ಕೆಲ್ಲ ಮೂಲ ಚೌಕಾಬಾರ. ಮೂವರೂ ಮುದುಕಿಯರು ದಿನಾ ಮಧ್ಯಾಹ್ನ ಊಟಕ್ಕೆ ಮುಂಚೆ ಎರಡು ಆಟ ಆಡುತ್ತಿದ್ದರು. ಸೋಮವಾರ ಮಾತ್ರ ಬಿಡುವು. ಮೊದಲು ಹುಣಸೆ ಬೀಜ ಪಣಕ್ಕಿಡುತ್ತಿದ್ದರು. ಹುಣಸೆ ಬೀಜ ಗೆದ್ದು ಯಾರಿಗೇನು ಸುಖ? ಹಿಂದಿನ ದೀಪಾವಳಿಯ ಮರುವಾರ ಸಂಗಮ್ಮ ಸೆರಗಿನ ಗಂಟಿನಿಂದ ಗುಳಿಗೆ ಸುತ್ತಿದ ಒಂದು ಕೆಂಪು ಚೀಟಿ ತೆಗೆದಳು. ಅವಳ ಮಗ ರಾಮಣ್ಣ ಕಚೇರಿ ಕೆಲಸಕ್ಕೆಂದು ಲಿಂಗಸುಗೂರಿಗೆ ಹೋದಾಗಲೆಲ್ಲ ತಾಯಿಯ ಮೊಣಕಾಲಿಗೆ ಅಲ್ಲಿಯ ಅಂಗಡಿಯಿಂದ ತರುತ್ತಿದ್ದ ಗುಳಿಗೆ ಅದು.

"ಇದನ್ನ ಇಡೂಣು," ಎಂದಿದ್ದಳು ಸಂಗಮ್ಮ. "ರೊಕ್ಕ ಇಟ್ಟು ಆಡಿದ್ರ ಜೂಜು. ಗುಳಿಗಿ ಇಟ್ಟು ಆಡಿದ್ರ ದವಾ."

ಗ್ಯಾನಮ್ಮನ ಹತ್ತಿರ ಹಳದಿ ಚೀಟಿ ಇತ್ತು. ಕಾಲುವೆ ಕೆಲಸದಲ್ಲಿ ಮೇಸ್ತ್ರಿಯಾಗಿದ್ದ ಅವಳ ಅಳಿಯ ಬಾಲಪ್ಪ ಸಿಂಧನೂರಿನಿಂದ ಕಳಿಸಿದ್ದು, ಸೊಂಟಕ್ಕೆ. ಗುರುಲಿಂಗಮ್ಮನ ಹತ್ತಿರ ಮಸ್ಕಿಯದೇ ಬಿಳಿ ಚೀಟಿ, ತಲೆನೋವಿಗೆ. ಮೂರು ಊರಿನ ಮೂರು ಬಣ್ಣದ ಚೀಟಿ, ಮೂರು ನೋವಿಗೆ ಮೂರು ಗುಳಿಗೆ. ಗೆದ್ದವಳ ಮೈಯಲ್ಲಿ ನೋವೆಂಬುದೇ ಉಳಿಯಬಾರದು ಎಂಬ ಏರ್ಪಾಟು.

ಒಂದು ನಿಯಮವನ್ನು ಗ್ಯಾನಮ್ಮ ಸೇರಿಸಿದಳು: ಗೆದ್ದದ್ದನ್ನು ಮನೆಗೆ ಒಯ್ಯುವಂತಿಲ್ಲ, ಆಟದ ಮನೆ ಅಳಿಸುವುದರೊಳಗೆ ಎಲ್ಲರೆದುರಿಗೆ ಎಲೆ ಅಡಿಕೆಯಲ್ಲಿ ಮಡಿಸಿ ತಿನ್ನಬೇಕು. ಇಲ್ಲದಿದ್ದರೆ ಇವತ್ತು ಗೆದ್ದ ಗುಳಿಗೆಯೇ ನಾಳೆ ಪಣಕ್ಕೆ ಬರುತ್ತದೆ, ಅದು ನ್ಯಾಯವಲ್ಲ ಎಂಬುದು ಅವಳ ವಾದ. ಇಬ್ಬರೂ ಒಪ್ಪಿದರು.

ಅಲ್ಲಿಂದ ಗುರುಲಿಂಗಮ್ಮನ ದೆಸೆ ತೆರೆಯಿತು. ಅವಳು ಕಾಯಿ ನಡೆಸಿದರೆ ಎದುರಾಳಿಗಳ ಕಾಯಿಗಳು ತಾವಾಗಿ ದಾರಿಗೆ ಬಂದು ಸಿಕ್ಕುತ್ತಿದ್ದವು. ಇವಳ ಕಾಯಿಗಳು ಒಂದೊಂದಾಗಿ ನಡುಮನೆ ಸೇರಿ ಹಣ್ಣಾಗುವ ಹೊತ್ತಿಗೆ ಅವರ ಕಾಯಿಗಳು ಇನ್ನೂ ಹೊರಸುತ್ತಿನಲ್ಲೇ ಅಲೆಯುತ್ತಿರುತ್ತಿದ್ದವು. ಬಾಗಿಲ ಹಿಂದಿನ ಗೋಡೆಯ ಮೇಲೆ ಅವಳು ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಆ ಮಂಗಳವಾರದ ಹಿಂದಿನ ಭಾನುವಾರದವರೆಗೆ ತೊಂಬತ್ತು ದಿನ, ನೂರಾ ಎಂಬತ್ತು ಆಟ. ಗೆರೆಗಳು ನೂರಾ ಅರವತ್ತೊಂದು.

ಪುಷ್ಯ ಮಾಸ ಕಾಲಿಟ್ಟಾಗ ಅವಳ ಕಿವಿಯಲ್ಲಿ ನಾದ ಶುರುವಾಯಿತು. ಹಗಲೂ ಇರುಳೂ ಜೀರುಂಡೆ ಕೂಗಿದಂತೆ ಒಂದೇ ಶ್ರುತಿ.

"ಅದು ಓಂಕಾರ ಬೇ," ಎಂದು ಗ್ಯಾನಮ್ಮ ತೀರ್ಮಾನ ಕೊಟ್ಟಳು. "ಒಂದಿನ ಬಿಡದಂಗ ಲಿಂಗಪೂಜಿ ಮಾಡ್ಕೋತ ಬಂದೀದಿ. ಫಲ ಬಂದೈತಿ." ಹಾಗೆಂದು ಅಲ್ಲೇ ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮರುದಿನ ಓಣಿಯ ಇಬ್ಬರು ಬಾಣಂತಿಯರು ಕೂಸುಗಳನ್ನು ತಂದು ಅವಳ ತೊಡೆಯ ಮೇಲೆ ಹಾಕಿ ಹೋದರು. ಗುರುಲಿಂಗಮ್ಮ ಬೇಡವೆನ್ನಲಿಲ್ಲ. ಅಂದಿನಿಂದ, ಬೇಳೆ ಆರಿಸಿಕೊಡಿ ಎಂದು ಸೊಸೆ ಮೊರ ತಂದಿಟ್ಟರೆ, "ತಡಿಯವ್ವಾ, ನಾದ ಕೇಳಾಕತ್ತೈತಿ," ಎಂದು ಕಣ್ಣು ಮುಚ್ಚುವುದು ರೂಢಿಯಾಯಿತು.

ನಾದದ ಜೊತೆಗೆ ಬೇರೆ ಕೆಲವು ಬಂದವು. ಅವುಗಳನ್ನು ಅವಳು ಓಣಿಗೆ ಹೇಳಲಿಲ್ಲ. ಎದೆಯ ಕೆಳಗೆ ಉರಿ. ಹೊರಕಡೆಗೆ ಹೋದರೆ ಡಾಂಬರಿನಂತೆ ಕರ್ರಗೆ. ಅದಕ್ಕೆ ಗುರೆಳ್ಳು ಚಟ್ನಿ ಕಾರಣವೆಂದು ಅವಳೇ ನಿರ್ಧರಿಸಿ, ಚಟ್ನಿ ಬಿಟ್ಟಳು. ಬಿಟ್ಟರೂ ಬಣ್ಣ ಬದಲಾಗಲಿಲ್ಲ. ಕಟ್ಟೆಯ ಮೂರು ಮೆಟ್ಟಿಲು ಹತ್ತಿದರೆ ಉಬ್ಬಸ ಬರತೊಡಗಿತು. ಆಗ ಶೇಖರಮ್ಮ ಅವಳ ಮಾತು ಕೇಳದೆ ಶನಿವಾರ ದವಾಖಾನೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಸಣ್ಣ ನಳಿಕೆಗೆ ಎಳೆದು, ಅದಕ್ಕೆ ಹನಿಹನಿಯಾಗಿ ನೀರು ಬಿಟ್ಟು, ಬೆಳಕಿಗೆ ಹಿಡಿದು ಪಕ್ಕದ ಬಣ್ಣದ ಗಾಜಿನೊಂದಿಗೆ ಹೋಲಿಸಿ ನೋಡಿದರು. ರಕ್ತದ ಕಸುವು ನೂರಕ್ಕೆ ನಲವತ್ತೆರಡು.

"ಅವ್ವಾ, ಇದು ಇನ್ನೂ ಇಳಿದರೆ ನಿಮ್ಮ ಎದೆ ತಡೆಯುವುದಿಲ್ಲ," ಎಂದರು ಡಾಕ್ಟರು ನೇರವಾಗಿ. "ಯುಗಾದಿಗೆ ನೀವಿರಬೇಕಾದರೆ ರಕ್ತ ಎಲ್ಲಿ ಸೋರುತ್ತಿದೆ ಅಂತ ನನಗೆ ಗೊತ್ತಾಗಬೇಕು. ಏನಾದರೂ ಔಷಧ, ಗುಳಿಗೆ ತಗೊಳ್ತೀರಾ?"

"ಏನೂ ಇಲ್ರಿ ಸಾಹೇಬ್ರ. ವಿಭೂತಿ ಒಂದು ಹಚ್ಕೊಂತೀನಿ."

ಅವಳ ಮನಸ್ಸಿನಲ್ಲಿ ಇದು ಪೂರ್ತಿ ಸುಳ್ಳಾಗಿರಲಿಲ್ಲ. ಔಷಧವೆಂದರೆ ರೋಗಕ್ಕೆ ಕೊಟ್ಟದ್ದು. ಇವಳು ತಿನ್ನುತ್ತಿದ್ದದ್ದು ಗೆದ್ದದ್ದು. ಗೆದ್ದದ್ದನ್ನು ಯಾರಾದರೂ ಔಷಧ ಅನ್ನುತ್ತಾರೆಯೇ? ಜೊತೆಗೆ, ಹೇಳಿದರೆ ಆಟ ನಿಲ್ಲುತ್ತದೆ ಎಂಬುದೂ ಆಕೆಗೆ ಹೊಳೆಯದೇ ಇರಲಿಲ್ಲ.

ಕಾಂಪೌಂಡರ್ ದಸ್ತಗೀರ್‌ಸಾಬ್ ಕಬ್ಬಿಣದ ಔಷಧ ಕಲಸಿ, ಒಂದೊಂದು ಹೊತ್ತಿನ ಅಳತೆಯ ಗುರುತಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿದ ಬಾಟಲಿ ಕೊಟ್ಟ. ನೀರು ಬೆರೆಸಿ ಕುಡಿಯಬೇಕು, ಅದನ್ನು ಕುಡಿಯುವಾಗ ಎಲೆ ಅಡಿಕೆ ಬೇಡ ಎಂದು ಹೇಳಿದ.

ತೊಡಕಾದದ್ದು ಅಲ್ಲೇ. ಮಂಗಳವಾರ ಮೊದಲ ಆಟ ಗುರುಲಿಂಗಮ್ಮನೇ ಗೆದ್ದಳು. ಮೂರು ಗುಳಿಗೆ ತಿನ್ನಬೇಕು. ಎಲೆ ಅಡಿಕೆ ಕೂಡದು. ಅದೇ ಹೊತ್ತಿಗೆ ಸೊಸೆ ಔಷಧದ ಲೋಟ ತಂದಿಟ್ಟು ಹೋಗಿದ್ದಳು. ಎರಡೂ ಕೆಲಸ ಒಂದೇ ಗುಟುಕಿಗೆ ಮುಗಿಯಲಿ ಎಂದು ಗುಳಿಗೆಗಳನ್ನು ಲೋಟಕ್ಕೆ ಹಾಕಿದಳು. ಲೋಟ ನೇರಳೆಯಾಯಿತು.

ಶೇಖರಮ್ಮ ಜಗಳ ಬೆಳೆಸಲಿಲ್ಲ. ಲೋಟದ ಮೇಲೆ ತಟ್ಟೆ ಮುಚ್ಚಿ, ಕೈ ತೊಳೆದು, ಸೆರಗು ಹೊದ್ದುಕೊಂಡಳು. "ಏಳ್ರಿ ಮೂರೂ ಮಂದಿ. ನಾ ಹಾಕಿದ್ದೋ, ನೀವು ಹಾಕ್ಕೊಂಡಿದ್ದೋ, ದವಾಖಾನ್ಯಾಗ ತಿಳೀಲಿ."

"ನಮ್ಮನ್ಯಾಕ ಕರೀತಿ?" ಎಂದಳು ಸಂಗಮ್ಮ.

"ವಿಷ ಅಂದಾಕಿ ನೀವಲ್ಲೇನ್ರಿ? ಸಾಕ್ಷಿ ಬೇಕಲ್ಲ."

ದವಾಖಾನೆ ನಾನೂರು ಹೆಜ್ಜೆ ದೂರ. ಗುರುಲಿಂಗಮ್ಮ ಅಷ್ಟರಲ್ಲಿ ಮೂರು ಸಲ ನಿಂತಳು.

ದಸ್ತಗೀರ್‌ಸಾಬ್ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೂಸಿದ. ಅವನ ಹುಬ್ಬು ಮೇಲೇರಿತು.

"ವಿಷಾನ್ರೀ?" ಎಂದಳು ಸಂಗಮ್ಮ ಆಸೆಯಿಂದ.

"ಸೊಸಿ ಹಾಕಿದ್ದಲ್ರಿ. ಇದರಾಗ ಯಾವ ಗುಳಿಗಿ ಹಾಕಿದ್ರಿ ಅವ್ವಾರ? ಸುಳ್ಳು ಹೇಳಬ್ಯಾಡ್ರಿ, ನನಗ ಬಣ್ಣನ ಹೇಳೇತಿ."

ಕಡೆಗೆ ಗ್ಯಾನಮ್ಮನೇ ಸೆರಗಿನ ಗಂಟು ಬಿಚ್ಚಿ ಹಳದಿ ಚೀಟಿಯನ್ನು ಮೇಜಿನ ಮೇಲಿಟ್ಟು, ಆಟದ ಪಣವನ್ನೂ ಗೆದ್ದವಳು ತಿನ್ನುವ ನಿಯಮವನ್ನೂ ಹೇಳಿದಳು. ಅದರ ಪಕ್ಕ ಕೆಂಪು ಚೀಟಿ ಬಂತು. ತುಸು ತಡವಾಗಿ ಬಿಳಿಯದೂ ಬಂತು.

ಸಾಬ್ ಮೂರು ಗಾಜಿನ ನಳಿಕೆಗಳನ್ನು ಸಾಲಾಗಿ ನಿಲ್ಲಿಸಿದ. ಒಂದೊಂದರಲ್ಲಿ ಒಂದೊಂದು ಚೀಟಿಯ ಗುಳಿಗೆಯನ್ನು ಪುಡಿಮಾಡಿ ಹಾಕಿ, ಬೆಚ್ಚನೆಯ ನೀರು ಹೊಯ್ದು ಅಲುಗಾಡಿಸಿದ. ಆಮೇಲೆ ಕಬ್ಬಿಣದ ಅರಕಿನ ಸೀಸೆಯಿಂದ ಒಂದೊಂದೇ ತೊಟ್ಟು ಬಿಟ್ಟ.

ಕೆಂಪು ಚೀಟಿಯದು ನೇರಳೆಯಾಯಿತು. ಹಳದಿಯದು ನೇರಳೆಯಾಯಿತು. ಮುದುಕಿಯರು ಉಸಿರು ಹಿಡಿದು ಬಿಳಿಯದರತ್ತ ಬಗ್ಗಿದರು. ಅದೂ ನೇರಳೆಯೇ.

"ನೋಡ್ರಿ. ಮೂರೂ ಒಂದ ದವಾ. ಆಸ್ಪಿರಿನ್ ಅಂತಾರ. ಚೀಟಿ ಬಣ್ಣ ಅಷ್ಟ ಬ್ಯಾರೆ."

"ಹಂಗಾದ್ರ ಮೊಣಕಾಲಿಂದು ಯಾವುದು, ಸೊಂಟದ್ದು ಯಾವುದು?" ಎಂದಳು ಗ್ಯಾನಮ್ಮ.

"ಗುಳಿಗಿಗೆ ನಿಮ್ಮ ಮೊಣಕಾಲು ಎಲ್ಲೈತಿ, ಸೊಂಟ ಎಲ್ಲೈತಿ ಅಂತ ಏನು ಗೊತ್ರಿ? ಹೊಟ್ಟಿಗಿ ಹೋಗಿ ರಕ್ತದಾಗ ಕೂಡ್ತೈತಿ, ಮೈತುಂಬಾ ತಿರಗ್ತೈತಿ. ಮೂರು ಥರ ತಗೊಂಡಿವಿ ಅಂತ ನೀವು ತಿಳಕೊಂಡ್ರಿ. ಹೊಟ್ಟಿ ಲೆಕ್ಕದಾಗ ಒಂದನ್ನ ಮೂರು ಪಟ್ಟು ನುಂಗಿದ್ರಿ." ಅವನು ಗುರುಲಿಂಗಮ್ಮನ ಕಡೆ ತಿರುಗಿದ. "ದಿನಕ್ಕ ಎಷ್ಟು?"

"ಆರು," ಎಂದಳು ಆಕೆ, ನೂರಾ ಅರವತ್ತೊಂದು ಗೆರೆಗಳ ಹೆಮ್ಮೆಯನ್ನು ಪೂರ್ತಿ ಅಡಗಿಸಲಾರದೆ. "ಸೋತ ದಿನ ಮೂರು."

"ಯಾವಾಗ? ಉಂಡಮ್ಯಾಲೋ, ಮೊದಲೋ?"

"ಆಟ ಮುಗದು ಊಟ."

"ಅಂದ್ರ ಬರೇ ಹೊಟ್ಟ್ಯಾಗ." ದಸ್ತಗೀರ್‌ಸಾಬ್ ಹಣೆ ಒತ್ತಿಕೊಂಡ. "ಅವ್ವಾರ, ಈ ಗುಳಿಗಿ ಕೆಟ್ಟದ್ದಲ್ಲ, ನಾನೂ ಕೊಡ್ತೀನಿ. ಒಂದು ಥರದ್ದು, ಉಂಡಮ್ಯಾಲ, ತಂಬಿಗಿ ನೀರು ಕುಡದು, ಎರಡು ದಿನ, ಮೂರು ದಿನ. ಅದೂ ಡಾಕ್ಟರಿಗೆ ಹೇಳಿ. ವಯಸ್ಸಾದವರ ಹೊಟ್ಟಿ ಒಳಗಿನ ಚರ್ಮ ತೆಳ್ಳಗಿರತೈತಿ. ಬರೇ ಹೊಟ್ಟ್ಯಾಗ ಆರು ಹಾಕಿದ್ರ ಅದನ್ನ ಗೀರಿ ಹುಣ್ಣು ಮಾಡತೈತಿ. ಹುಣ್ಣಿನಿಂದ ಸಣ್ಣಗ ರಕ್ತ ಜಿನಗತೈತಿ. ಹೊರಕಡಿಗೆ ಕರ್ರಗ ಆಗಿರಬೇಕಲ್ಲ?"

"ಅದು ಗುರೆಳ್ಳು," ಎಂದಳು ಗುರುಲಿಂಗಮ್ಮ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

"ಗುರೆಳ್ಳಲ್ರಿ. ನಿಮ್ಮ ರಕ್ತ. ಮತ್ತ ಕಿವ್ಯಾಗ ಗುಂಯ್ ಅಂತಿರಬೇಕು?"

ಈ ಸಲ ಗ್ಯಾನಮ್ಮ ನೆಟ್ಟಗೆ ಕೂತಳು. "ಅದು ಓಂಕಾರ ಅಲ್ಲೇನ್ರಿ?"

"ಅಲ್ರಿ. ಗುಳಿಗಿ ಹದ್ದು ಮೀರೇತಿ ಅನ್ನೂ ಗುರುತು. ನಿಲ್ಲಿಸಿದ್ರ ತಾನ ಹೋಗತೈತಿ."

"ಮತ್ತ ನಾ ಕಾಲು ಬಿದ್ದಿದ್ದು?"

"ಗುಳಿಗಿಗೆ ಬಿದ್ದಂಗಾತು, ತಗೋ," ಎಂದು ಸಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ದಸ್ತಗೀರ್‌ಸಾಬ್ ನಗಲಿಲ್ಲ. ಚೀಟಿಗಳತ್ತ ಬೆರಳು ತೋರಿಸಿ, "ನೀವಿಬ್ಬರೂ ಎಷ್ಟೆಷ್ಟು ತಿಂತೀರಿ?" ಎಂದ. "ಕಣ್ಣು ತೋರಸ್ರಿ." ಸಂಗಮ್ಮನ ಕೆಳರೆಪ್ಪೆ ಎಳೆದು ನೋಡಿದ; ಒಳಗೆ ಹದವಾಗಿ ಕೆಂಪಗಿತ್ತು. ಗ್ಯಾನಮ್ಮನದೂ ಅಷ್ಟೇ. "ಭಾಳ ಛಲೋ ಐತಲ್ಲ! ನೀವು ತಿನ್ನಂಗಿಲ್ಲೇನು?"

"ನನಗ ಅದು ಹಿಡಸಂಗಿಲ್ರಿ," ಎಂದಳು ಸಂಗಮ್ಮ. "ಒಂದು ತಿಂದ್ರ ಎದಿ ಬೆಂಕಿ ಬಿದ್ದಂಗ ಆಕೈತಿ. ಮಗ ಪ್ರೀತಿಲೆ ತರ್ತಾನ, ಚೆಲ್ಲಾಕ ಮನಸಾಗಂಗಿಲ್ಲ. ಅದಕ್ಕ ಆಟಕ್ಕಿಟ್ಟೆ."

"ಆಟದಾಗ ಗೆದ್ರ ತಿನ್ನಬೇಕಂತಲ್ಲ?" ಎಂದ ಸಾಬ್.

"ಗೆಲ್ಲಬಾರದಲ್ರಿ ಮತ್ತ!"

ಕೋಣೆಯಲ್ಲಿ ಒಂದು ನೊಣ ಗುಂಯ್‌ಗುಟ್ಟಿತು. ಗುರುಲಿಂಗಮ್ಮನಿಗೆ ಅದು ನೊಣವೋ ಕಿವಿಯೋ ತಿಳಿಯಲಿಲ್ಲ.

"ಏನಂದಿ?" ಎಂದಳು ಅವಳು.

ಸಂಗಮ್ಮ ಆಡಿದ ಮಾತನ್ನು ಈಗ ನುಂಗಿಕೊಳ್ಳುವ ಹಾಗಿರಲಿಲ್ಲ. "ಏನಿಲ್ಲ ಬೇ. ನಿನ್ನ ಕಾಯಿ ಎದುರಿಗಿ ಬಂದಾಗ ನಾ ಹೊಡೀತಿದ್ದಿಲ್ಲ. ನನ್ನ ಕಾಯಿ ನಿನ್ನ ಬಾಯಿಗಿ ತಂದು ಇಡ್ತಿದ್ದೆ. ನಿನಗೂ ಖುಷಿ, ನನಗೂ ಎದಿ ಉರಿ ಇಲ್ಲ."

ಗುರುಲಿಂಗಮ್ಮ ಗ್ಯಾನಮ್ಮನ ಕಡೆ ನೋಡಿದಳು. ಗ್ಯಾನಮ್ಮ ಕಿಟಕಿಯ ಆಚೆ ಒಂದು ಬೇವಿನ ಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ನೀನೂ?"

"ಇಲ್ಲೇ ತಿನ್ನಬೇಕು ಅಂತ ನಿಯಮ ಮಾಡಿದಾಕಿ ಯಾರಂತ ತಿಳದಿ?" ಎಂದಳು ಗ್ಯಾನಮ್ಮ. "ನಮ್ಮ ಬಾಲಪ್ಪ ತಿಂಗಳಿಗೊಂದು ಪುಡಕಿ ಕಳಸ್ತಾನ. ಖಾಲಿ ಆಗಬೇಕಿತ್ತು. ಒಂದೊಂದು ದಿನ ಸೋಲೂದು ಭಾಳ ಕಷ್ಟ ಆಗ್ತಿತ್ತು. ನೀನು ಹಂಗ ಆಡ್ತಿದ್ದಿ!"

ಶೇಖರಮ್ಮ ಗೋಡೆಯ ಕಡೆ ತಿರುಗಿ ನಿಂತಳು. ನಗುವಿಗೆ ಅವಳ ಭುಜ ಅಲುಗುತ್ತಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅತ್ತೆ ಅದನ್ನು ನೋಡಿಯೂ ಬಯ್ಯಲಿಲ್ಲ.

ಸಾಯುತ್ತೀ ಎಂದು ಡಾಕ್ಟರು ಶನಿವಾರವೇ ಹೇಳಿದ್ದರು. ಅದು ಅವಳನ್ನು ಗುಳಿಗೆಯಿಂದ ಬಿಡಿಸಿರಲಿಲ್ಲ. ಆಟಗಾತಿ ಆಟದಲ್ಲಿ ಸತ್ತರೆ ಅದಕ್ಕೊಂದು ಮರ್ಯಾದೆ ಇರುತ್ತದೆ ಎಂಬ ಭಾವನೆ ಎಲ್ಲೋ ಒಳಗಿತ್ತು. ಈಗ ನೋಡಿದರೆ ಅವಳು ಆಟಗಾತಿಯೇ ಅಲ್ಲ. ಇಬ್ಬರು ಮುದುಕಿಯರ ಬೇಡದ ಗುಳಿಗೆಯನ್ನು, ನೆಲದೊಳಗೆ ಜೋಳ ಸುರಿದ ಹಾಗೆ, ಸುರಿಯುವ ಹಗೇವು.

ಅವಳು ಕೋಲೂರಿ ಎದ್ದು, ತನ್ನ ಬಿಳಿ ಚೀಟಿಯನ್ನು ದಸ್ತಗೀರ್‌ಸಾಬನ ಕಡೆ ಸರಿಸಿದಳು. "ಇದನ್ನ ಇಟ್ಟಗೋರಿ ಸಾಬ್ರ. ಅವರವೂ ಇಟ್ಟಗೋರಿ. ಸಾಹೇಬ್ರಿಗೆ ನಾನ ಹೇಳ್ತೀನಿ, ಎಷ್ಟು ತಿಂದೆ, ಯಾವಾಗ ತಿಂದೆ, ಎಲ್ಲಾ." ಆಮೇಲೆ ಗೆಳತಿಯರತ್ತ ತಿರುಗಿದಳು. "ನೀವಿಬ್ಬರೂ ನಾಳಿ ಬರ್ರಿ. ಪಣಕ್ಕ ಏನೂ ಇಡೂದು ಬ್ಯಾಡ. ಕೊಳ್ಳಾಗಿನ ಲಿಂಗ ಮುಟ್ಟಿ ಆಣಿ ಮಾಡಿ ಕೂಡ್ರಿ, ಖರೇ ಆಡ್ತೀವಂತ."

"ನಾಳಿ ಯಾಕ? ಒಂದೀಟು ಚೇತರಿಸ್ಕೋ."

"ನಾಳಿ!"

ಡಾಕ್ಟರು ಎಲ್ಲವನ್ನೂ ಕೇಳಿಕೊಂಡರು. ಬಯ್ಯಲಿಲ್ಲ, ಬರೆದುಕೊಂಡರು. ಹಾಲು, ಗಂಜಿ, ಹೊಟ್ಟೆಗೆ ಒಂದು ಬಿಳಿ ಪುಡಿ, ಊಟದ ಮೇಲೆ ಕಬ್ಬಿಣದ ಔಷಧ; ಗುಳಿಗೆ ನಿಂತ ಮೇಲೆ ಇವಳ ಮೊಣಕಾಲೂ ನೋಯಬಹುದು, ಅದಕ್ಕೆ ಉಪ್ಪಿನ ಗಂಟಿನ ಶಾಖ. ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರುವುದೇ ಮೊಣಕಾಲು ನೋವಿಗೆ ಅರ್ಧ ಕಾರಣವೆಂದೂ ಹೇಳಿದರು.

ಮರುದಿನದ ಆಟದಲ್ಲಿ ಗುರುಲಿಂಗಮ್ಮ ಮೂರನೆಯವಳಾದಳು. ಮೂವರಲ್ಲಿ ಮೂರನೆಯವಳು. ಸಂಗಮ್ಮನಲ್ಲಿ ಎಂಥ ಹುಲಿ ಅಡಗಿತ್ತೆಂದರೆ, ಸಿಕ್ಕ ಕಾಯಿಯನ್ನೆಲ್ಲ ಹೊಡೆದು, ಹೊಡೆದ ಮೇಲೆ ತೊಡೆ ತಟ್ಟಿದಳು. ಗುರುವಾರ, ಶುಕ್ರವಾರ, ಶನಿವಾರ ಮೂರೂ ದಿನ ಗುರುಲಿಂಗಮ್ಮ ಸೋತಳು. ಶನಿವಾರ ಅವಳ ಮೊಣಕಾಲು ಬಾತು, ನೋವಿಗೆ ಕಣ್ಣಲ್ಲಿ ನೀರು ಬಂತು. ಟ್ರಂಕಿನ ತಳದಲ್ಲಿ ಸಾಬನಿಗೆ ಕೊಡದೆ ಉಳಿದ ಒಂದು ಬಿಳಿ ಚೀಟಿ ಇತ್ತು. ಅದನ್ನು ತೆಗೆದಳು. ಒಂದು ನುಂಗಿದರೆ ಮೊದಲಿನ ಹಾಗೆ ಕಾಲು ಮಡಿಸಿ ನೆಟ್ಟಗೆ ಕೂತು ಆಡಬಹುದು. ಆದರೆ ಹಾಗೆ ಗೆದ್ದರೆ, ಮೊದಲು ಅವರು ಸೋತು ಕೊಟ್ಟದ್ದಕ್ಕೆ ಗೆದ್ದಳು, ಈಗ ಗುಳಿಗೆಯ ಬಲದಿಂದ ಗೆದ್ದಳು ಎಂದು ಓಣಿಯಲ್ಲಿ ಮಾತಾದರೆ? ಅವಳು ಚೀಟಿಯನ್ನು ಹಿತ್ತಲಿನ ಒಲೆಗೆ ಹಾಕಿ, ಸೊಸೆಯನ್ನು ಕರೆದಳು.

"ಶೇಖರಮ್ಮಾ, ಉಪ್ಪು ಬಿಸಿ ಮಾಡವ್ವಾ. ಮತ್ತ ಕೂಡಾಕ ಒಂದು ಮಣಿ ಹಾಕು. ನಾಳಿಂದ ಕಾಲು ಚಾಚಿ ಕೂತ ಆಡ್ತೀನಿ. ನಗೂವರು ನಗಲಿ."

"ಬ್ಯಾಳಿ ಆರಸ್ತೀರೇನ್ರಿ ಅತ್ತಿ, ಶಾಖ ಆಗೂತನಕ?"

"ತಾ," ಎಂದಳು ಗುರುಲಿಂಗಮ್ಮ. ನಾದದ ನೆಪ ಹೇಳಲು ನಾದ ಆಗಲೇ ಅರ್ಧ ಕುಗ್ಗಿತ್ತು. ಹತ್ತನೆಯ ದಿನ ಅದು ಪೂರ್ತಿ ನಿಂತಿತು. ಮನೆ ಒಮ್ಮೆಲೆ ಅಷ್ಟು ಖಾಲಿ ಎನಿಸಿದ್ದಕ್ಕೆ ಅವಳಿಗೆ ತುಸು ಬೇಸರವೂ ಆಯಿತು. ಬಾಣಂತಿಯರು ಕೂಸು ತರುವುದನ್ನು ಬಿಟ್ಟಿದ್ದರು.

ಯುಗಾದಿ ಬಂತು, ಅವಳು ಬೇವು ಬೆಲ್ಲ ತಿಂದಳು. ಹಬ್ಬದ ಮರುದಿನ ಮೊದಲ ಬಾರಿಗೆ ಖರೇ ಆಟದಲ್ಲಿ ಗೆದ್ದಳು. ಸಂಗಮ್ಮ ಕವಡೆಗಳನ್ನು ನೆಲಕ್ಕೆ ಕುಕ್ಕಿ, "ಇದನ್ನ ನಾ ಸೋತು ಕೊಟ್ಟಿಲ್ಲ, ನೆನಪಿಡು," ಎಂದು ಮುಖ ಊದಿಸಿಕೊಂಡು ಹೋದಳು. ಗುರುಲಿಂಗಮ್ಮನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಏಪ್ರಿಲ್ ಇಪ್ಪತ್ತಾರು, ಮಂಗಳವಾರ, ಡಾಕ್ಟರು ಮತ್ತೆ ರಕ್ತ ನೋಡಬೇಕೆಂದು ಕರೆಸಿದರು. ಸಂಗಮ್ಮ, ಗ್ಯಾನಮ್ಮ ಇಬ್ಬರೂ ಜೊತೆಗೆ ಹೊರಟರು. ಎಷ್ಟಾಯಿತೆಂದು ಇವಳ ಬಾಯಿಂದ ಕೇಳಿದರೆ ನಂಬುವ ಹಾಗಿಲ್ಲ, ಕಣ್ಣಾರೆ ನೋಡಬೇಕು ಎಂಬುದು ಅವರ ವಾದ. ನಾನೂರು ಹೆಜ್ಜೆಯಲ್ಲಿ ಗುರುಲಿಂಗಮ್ಮ ಎಲ್ಲಿಯೂ ನಿಲ್ಲಲಿಲ್ಲ. ಹಿಂದೆ ಬಿದ್ದ ಗ್ಯಾನಮ್ಮನಿಗಾಗಿ ಒಮ್ಮೆ ತಿರುಗಿ ನೋಡಿದಳು, ಅಷ್ಟೆ. ಡಾಕ್ಟರು ಬೆರಳು ಚುಚ್ಚಿ, ನಳಿಕೆಗೆ ಹನಿಹನಿಯಾಗಿ ನೀರು ಬಿಡುತ್ತ ಹೋದರು. ಮೂವರೂ ಮುದುಕಿಯರು ತಲೆಗೆ ತಲೆ ತಾಗಿಸಿ ಗಾಜಿನ ಮೇಲಿನ ಗೆರೆಗಳನ್ನು ನೋಡಿದರು.

ನೂರಕ್ಕೆ ಎಪ್ಪತ್ತನಾಲ್ಕು.